ಕಾಲ್ ಆಪ್ಷನ್: ಯಾವ ಸ್ಟ್ರೈಕ್ ಆರಿಸಲಿ?

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ಗೆಳೆಯರೊಬ್ಬರ ಪ್ರಶ್ನೆ ಇದು. ಕಾಲ್ ಆಪ್ಷನ್ ಅಂದರೆ ಗೊತ್ತು ಮಾಡಿದ ಬೆಲೆಗೆ ಕೊಳ್ಳುವ ಹಕ್ಕು; ಆ ಬೆಲೆಯೇ ಸ್ಟ್ರೈಕ್. ಷೇರು ಸೂಚ್ಯಂಕ ನಿಫ್ಟಿ 25,000ದಲ್ಲಿದೆ ಅಂತಿಟ್ಟುಕೊಳ್ಳಿ. ಪ್ರೀಮಿಯಂಗಳು (ಆಪ್ಷನ್ ಕೊಳ್ಳಲು ಕೊಡುವ ಹಣ) ಸುಮ್ನೆ ಲೆಕ್ಕಕ್ಕೆ.

ಖರ್ಚು: 24,800ರ ಸ್ಟ್ರೈಕ್ (ಇನ್ ದಿ ಮನಿ, ಅಂದರೆ ಮಾರ್ಕೆಟ್‌ಗಿಂತ ಕೆಳಗಿನದು) 320 ರೂಪಾಯಿ. ಅದರಲ್ಲಿ 200 ನಿಜವಾದ ಬೆಲೆ (25,000ಕ್ಕೂ ಸ್ಟ್ರೈಕ್‌ಗೂ ಇರುವ ವ್ಯತ್ಯಾಸ), 120 ಮಾತ್ರ ಕಾಲದ ಬೆಲೆ (ಉಳಿದಿರುವ ದಿನಗಳಿಗಾಗಿ ಕೊಡುವುದು). 25,000ದ್ದು (ಅಟ್ ದಿ ಮನಿ, ಮಾರ್ಕೆಟ್ ಮಟ್ಟದ್ದೇ) 200, 25,300ರದ್ದು (ಔಟ್ ಆಫ್ ದಿ ಮನಿ, ಮಾರ್ಕೆಟ್‌ಗಿಂತ ಮೇಲಿನದು) 80. ಇವೆರಡರಲ್ಲೂ ಪೂರ್ತಿ ಕಾಲದ ಬೆಲೆಯೇ. ಎಕ್ಸ್‌ಪೈರಿ (ಆಪ್ಷನ್ ಅವಧಿ ಮುಗಿಯುವ ದಿನ) ಹೊತ್ತಿಗೆ ಅದು ಕರಗಿ ಹೋಗುತ್ತದೆ.

ಲಾಭ: ಎಕ್ಸ್‌ಪೈರಿಗೆ ನಿಫ್ಟಿ 25,250 ಮುಟ್ಟಿತು ಅನ್ನಿ. ಮೊದಲನೆಯದಕ್ಕೆ 130 ಲಾಭ (ಸ್ಟ್ರೈಕ್‌ಗಿಂತ 450 ಮೇಲೆ, ಕೊಟ್ಟದ್ದು 320), ಎರಡನೆಯದಕ್ಕೆ 50. ಮೂರನೆಯದು ಸೊನ್ನೆ, ಕೊಟ್ಟ 80 ಹೋಯಿತು. ಮಾರ್ಕೆಟ್ ಏರಿದರೂ ನಷ್ಟ! ಅಗ್ಗ ಅಂತ ಹೊಸಬರು ಬೀಳುವುದು ಇಲ್ಲೇ.

ನಿಧಾನದ ಏರಿಕೆ ಅನಿಸಿದರೆ ಇನ್ ದಿ ಮನಿ. ಆದರೆ ಕೆಳಗೆ ಬಿದ್ದರೆ ಕಳೆದುಕೊಳ್ಳುವ ಹಣವೂ ಜಾಸ್ತಿ. ಬೇಗ, ಚೆನ್ನಾಗಿ ಏರುವ ನಿರೀಕ್ಷೆ ಇದ್ದರೆ ಅಟ್ ದಿ ಮನಿ. ದೊಡ್ಡ ಜಿಗಿತದ ನಂಬಿಕೆ ಇದ್ದು, ಹೋದರೆ ಹೋಗಲಿ ಅನ್ನುವಷ್ಟೇ ದುಡ್ಡು ಹಾಕುವವರಿಗೆ ಔಟ್ ಆಫ್ ದಿ ಮನಿ.

ಪುಟ್ ಆಪ್ಷನ್‌ಗೆ (ಗೊತ್ತು ಮಾಡಿದ ಬೆಲೆಗೆ ಮಾರುವ ಹಕ್ಕು) ಎಲ್ಲ ಉಲ್ಟಾ: ಅಲ್ಲಿ ಮಾರ್ಕೆಟ್‌ಗಿಂತ ಮೇಲಿನ ಸ್ಟ್ರೈಕೇ ಇನ್ ದಿ ಮನಿ.