ಜೆಂಟೂ ಡಿಸ್ಟ್‌ಫೈಲ್ಸ್ ಖಾಲಿ ಮಾಡಲು ಆರ್‌ಎಂ ಸಾಕಾ, ಇಕ್ಲೀನ್ ಬೇಕಾ?

ಪ್ಯಾಕೇಜ್‌ಗಳನ್ನು ಸೋರ್ಸ್ ಕೋಡಿನಿಂದಲೇ ಕಟ್ಟಿಕೊಳ್ಳುವ ಲಿನಕ್ಸ್ ಆದ ಜೆಂಟೂ ಬಳಸುವವರಿಗೆ ಇದು ಗೊತ್ತೇ ಇರುತ್ತದೆ. ಅದರ ಪ್ಯಾಕೇಜ್ ಮ್ಯಾನೇಜರ್ ಪೋರ್ಟೇಜ್ ಪ್ರತಿ ಪ್ಯಾಕೇಜಿನ ಸೋರ್ಸ್ ಇಳಿಸಿಕೊಂಡು ಕಂಪೈಲ್ ಮಾಡುತ್ತದೆ, ಕೆಲಸ ಮುಗಿದ ಮೇಲೆ ಆ ಟಾರ್‌ಬಾಲನ್ನು (ಸೋರ್ಸ್ ತುಂಬಿದ ಕಂಪ್ರೆಸ್ ಮಾಡಿದ ಫೈಲ್) ಮಾತ್ರ ಅಳಿಸುವುದಿಲ್ಲ. ಫೈರ್‌ಫಾಕ್ಸ್ ಒಂದರದ್ದೇ ಅರ್ಧ ಜಿಬಿ ದಾಟುತ್ತದೆ, ಹಳೇ ವರ್ಶನ್‌ಗಳೂ ಹಾಗೇ ಉಳಿದಿರುತ್ತವೆ. ನನ್ನ ಲ್ಯಾಪ್‌ಟಾಪಿನಲ್ಲಿ ಇವೆಲ್ಲ ಸೇರುವ ಡಿಸ್ಟ್‌ಫೈಲ್ಸ್ ಫೋಲ್ಡರ್ 34 ಜಿಬಿ ಆಗಿತ್ತು.

ಮೊದಲ ಸಲ ಫೈಲ್ ಅಳಿಸುವ ಆರ್‌ಎಂ ಕಮಾಂಡ್ ಕೊಟ್ಟು ಪೂರ್ತಿ ಅಳಿಸಿದೆ. ಕ್ಷಣದಲ್ಲಿ ಜಾಗ ಬಂತು, ಸಿಸ್ಟಮ್‌ಗೂ ಏನೂ ಆಗಲಿಲ್ಲ, ಯಾಕಂದ್ರೆ ಇನ್‌ಸ್ಟಾಲ್ ಆದ ಪ್ರೋಗ್ರಾಮ್‌ಗೆ ಸೋರ್ಸ್ ಬೇಕಾಗಿಲ್ಲ. ತೊಂದರೆ ಶುರುವಾದದ್ದು ಆಮೇಲೆ. ಪ್ಯಾಕೇಜಿನಲ್ಲಿ ಯಾವ ಸೌಲಭ್ಯ ಬೇಕು, ಬೇಡ ಅಂತ ಹೇಳುವ ಒಂದು ಯೂಸ್ ಫ್ಲ್ಯಾಗ್ ಬದಲಿಸಿದೆ, ಅದೇ ವರ್ಶನ್ನನ್ನು ಮತ್ತೆ ಕಟ್ಟಬೇಕಾಯಿತು, ಸೋರ್ಸ್ ಮತ್ತೆ ಇಳಿಸಬೇಕಾಯಿತು. ಆಗ ಊರಲ್ಲಿದ್ದೆ, ಮೊಬೈಲ್ ಡೇಟಾ ದಿನಕ್ಕೆ 2 ಜಿಬಿ ಅಷ್ಟೇ. ಅದಕ್ಕಿಂತ ಬೇಜಾರಾದದ್ದು ಫೆಚ್ ನಿರ್ಬಂಧ ಇರುವ ಒಂದು ಫೈಲ್ ಹೋದದ್ದು. ಅಂಥದ್ದನ್ನು ಪೋರ್ಟೇಜ್ ತಾನೇ ತರುವುದಿಲ್ಲ, ನಾವೇ ಲಾಗಿನ್ ಆಗಿ ಇಳಿಸಿ ಆ ಫೋಲ್ಡರಿನಲ್ಲಿ ಇಡಬೇಕು. ನನಗೆ ಬೇಕಿದ್ದ ವರ್ಶನ್ ಆ ಸೈಟಿನಲ್ಲಿ ಆಗಲೇ ಇರಲಿಲ್ಲ!

ಮುಂದಿನ ಸಲ ಜೆಂಟೂಲ್‌ಕಿಟ್ ಎಂಬ ಪ್ಯಾಕೇಜ್ ಹಾಕಿ, ಅದರಲ್ಲಿ ಬರುವ ಇಕ್ಲೀನ್-ಡಿಸ್ಟ್ (ಡಿಸ್ಟ್‌ಫೈಲ್ಸ್ ಶುಚಿ ಮಾಡುವ ಕಮಾಂಡ್) ಅನ್ನು ಯಾವ ಆಯ್ಕೆಯೂ ಕೊಡದೆ ಸುಮ್ನೆ ಓಡಿಸಿದೆ. 6 ಜಿಬಿ ಸಿಕ್ಕಿತು. ಕಡಿಮೆ ಅನ್ನಿಸಿತು, ಆದರೆ ಅದಕ್ಕೆ ಕಾರಣ ಇದೆ: ಪೋರ್ಟೇಜ್ ಟ್ರೀಯಲ್ಲಿ (ಪ್ಯಾಕೇಜ್‌ಗಳ ಪಟ್ಟಿಯಲ್ಲಿ) ಇನ್ನೂ ಇರುವ ಇಬಿಲ್ಡ್‌ಗಳ, ಅಂದರೆ ಪ್ಯಾಕೇಜ್ ಕಟ್ಟುವ ಸೂಚನೆಯ ಫೈಲ್‌ಗಳ, ಸೋರ್ಸನ್ನೆಲ್ಲ ಅದು ಉಳಿಸಿಕೊಳ್ಳುತ್ತದೆ, ನೀವು ಆ ಪ್ಯಾಕೇಜನ್ನು ಎಂದೋ ತೆಗೆದಿದ್ದರೂ ಸರಿ.

ಅದಕ್ಕೇ ಡೀಪ್ ಆಯ್ಕೆ ಇರುವುದು. ಈಗ ಇನ್‌ಸ್ಟಾಲ್ ಆಗಿರುವುದಕ್ಕೆ ಬೇಕಾದ ಸೋರ್ಸ್ ಬಿಟ್ಟು ಉಳಿದದ್ದನ್ನೆಲ್ಲ ತೆಗೆಯುತ್ತದೆ. ಇನ್ನೂ 17 ಜಿಬಿ ಬಂತು, ಒಟ್ಟು 23 ಜಿಬಿ, ಅಂದರೆ ಮೊದಲ ಸಲ ಆರ್‌ಎಂ ಕೊಟ್ಟ ಜಾಗದಲ್ಲಿ ಸುಮಾರು ಮೂರನೇ ಎರಡು ಭಾಗ, ಆದರೆ ರೀಬಿಲ್ಡ್ ಮಾಡುವಾಗ ಮತ್ತೆ ಡೌನ್‌ಲೋಡ್ ಮಾಡುವ ಗೋಳಿಲ್ಲ. ಇದರ ಜೊತೆ ಎಫ್ (-f) ಆಯ್ಕೆ ಕೊಟ್ಟರೆ ಫೆಚ್ ನಿರ್ಬಂಧದ ಫೈಲ್‌ಗಳಿಗೂ ರಕ್ಷಣೆ ಸಿಗುತ್ತದೆ, ಟಿ (-t) ಜೊತೆ 2 ವಾರ ಅಂತ ಕೊಟ್ಟರೆ ಇತ್ತೀಚಿನವನ್ನು ಮುಟ್ಟುವುದಿಲ್ಲ. ಮೊದಲು ಪಿ (-p) ಹಾಕಿ ನೋಡಿ, ಏನೇನು ಹೋಗುತ್ತದೆ ಅಂತ ತೋರಿಸುತ್ತದೆ ಅಷ್ಟೇ, ಅಳಿಸುವುದಿಲ್ಲ.

ಮನೆಯಲ್ಲಿ ಫೈಬರ್ ಇದೆ, ಡಿಸ್ಕ್ ಪೂರ್ತಿ ತುಂಬಿ ಎಮರ್ಜ್ (ಪ್ಯಾಕೇಜ್ ಹಾಕುವ ಪೋರ್ಟೇಜ್ ಕಮಾಂಡ್) ಅರ್ಧಕ್ಕೇ ನಿಂತಿದೆ ಅಂದರೆ ಆರ್‌ಎಂ ತಪ್ಪೇನಲ್ಲ. ಆದರೆ ಆಗಲೂ ಮೊದಲು ವಾರ್ ಟೆಂಪ್ (/var/tmp) ಒಳಗಿನ ಪೋರ್ಟೇಜ್ ಫೋಲ್ಡರ್ ನೋಡಿ. ಅರ್ಧಕ್ಕೆ ನಿಂತ ಬಿಲ್ಡ್‌ಗಳ ಕಸ ಅಲ್ಲಿ ಬಿದ್ದಿರುತ್ತದೆ. ಯಾವ ಎಮರ್ಜ್ ಕೂಡ ಓಡದೇ ಇರುವಾಗ ಅದನ್ನು ತೆಗೆದರೆ ಏನೂ ನಷ್ಟವಿಲ್ಲ.