ಹಂಪಿಗೆ ಹೋದರೆ ಎಲ್ಲಿ ತಂಗುವುದು? ಹೊಸಪೇಟೆ, ಕಮಲಾಪುರ, ಹಂಪಿ ಊರು, ಆನೆಗೊಂದಿ: ನಾಲ್ಕರ ಹೋಲಿಕೆ

ಹಂಪಿಗೆ ಹೊರಡುವವರು ಮೊದಲು ರೂಮಿನ ಬಾಡಿಗೆ ನೋಡುತ್ತಾರೆ. ನೋಡಬೇಕಾದ್ದು ಬೆಳಗಿನ ಆರರಿಂದ ಹತ್ತರವರೆಗಿನ ಹೊತ್ತು ಎಲ್ಲಿ ಕಳೆಯುತ್ತದೆ ಅನ್ನುವುದನ್ನು. ನವೆಂಬರ್‌ನಿಂದ ಫೆಬ್ರುವರಿವರೆಗೆ ಪರವಾಗಿಲ್ಲ. ಮಾರ್ಚ್ ಬಂತೆಂದರೆ ಹನ್ನೊಂದು ಗಂಟೆಗೆಲ್ಲ ಬಂಡೆಗಳು ಕಾವಲಿಯಂತೆ ಕಾಯುತ್ತವೆ, ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ನಾಲ್ಕು ತಾಸಿನಲ್ಲಿ ಒಂದೂವರೆ ತಾಸು ಆಟೊದಲ್ಲೇ ಕಳೆದರೆ ಮಿಕ್ಕ ದಿನವೆಲ್ಲ ನೆರಳು ಹುಡುಕುವುದೇ ಕೆಲಸ. ನಾಲ್ಕೂ ಕಡೆ ತಂಗಿ, ನಡೆದು, ಸೈಕಲ್ ತುಳಿದು ನೋಡಿದ ಮೇಲೆ ಬರೆದ ಹೋಲಿಕೆ ಇದು.

ಹೊಸಪೇಟೆ

ಹಂಪಿಗೆ ಸುಮಾರು 13 ಕಿ.ಮೀ. ರೈಲು ನಿಲ್ದಾಣ, ದೊಡ್ಡ ಬಸ್ ನಿಲ್ದಾಣ, ಲಿಫ್ಟ್ ಇರುವ ಹೋಟೆಲು, ಔಷಧಿ ಅಂಗಡಿ, ಎಟಿಎಂ ಎಲ್ಲ ಇಲ್ಲೇ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಇಳಿಯುವುದು ಈ ಊರಲ್ಲಿ. ತೊಡಕು ಇರುವುದೂ ಅಲ್ಲೇ: ರೈಲು ಬರುವುದು ಬೆಳಗ್ಗೆ, ಹೆಚ್ಚಿನ ಹೋಟೆಲುಗಳು ರೂಮು ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ಲಗೇಜು ಹೊತ್ತು ರಿಸೆಪ್ಷನ್ನಿನಲ್ಲಿ ಕೂತರೆ ಮೊದಲ ದಿನದ ತಂಪು ಹೊತ್ತು ಪೂರ್ತಿ ನಷ್ಟ. ಬುಕ್ ಮಾಡುವಾಗಲೇ ಫೋನ್ ಮಾಡಿ ಎರಡು ಮಾತು ಕೇಳಿ: ಲಗೇಜು ಇಟ್ಟುಕೊಳ್ಳುತ್ತೀರಾ, ಮುಖ ತೊಳೆಯಲು ಒಂದು ಬಾತ್‌ರೂಮ್ ಕೊಡುತ್ತೀರಾ? ಎರಡಕ್ಕೂ ಹೂಂ ಅಂದರೆ ಎಂಟೂವರೆಗೆ ನೀವು ಹಂಪಿಯಲ್ಲಿರುತ್ತೀರಿ.

ಹೊಸಪೇಟೆಯಿಂದ ಹಂಪಿಗೆ ಊರ ಬಸ್ಸುಗಳು ಓಡುತ್ತಿರುತ್ತವೆ, ಅರ್ಧ ತಾಸಿನ ದಾರಿ. ಕತ್ತಲಾದ ಮೇಲೆ ವಾಪಸ್ ಬಸ್ಸನ್ನು ನೆಚ್ಚಿಕೊಳ್ಳಬೇಡಿ. ಹೇಮಕೂಟದಲ್ಲಿ ಸೂರ್ಯಾಸ್ತ ನೋಡಿ ಇಳಿಯುವಷ್ಟರಲ್ಲಿ ನಿಲ್ದಾಣ ಬಿಕೋ ಅನ್ನುತ್ತಿರಬಹುದು, ಆಗ ಆಟೊದವರು ಹೇಳಿದ್ದೇ ರೇಟು. ಇಲ್ಲಿ ತಂಗಿದರೆ ಸೂರ್ಯೋದಯ ಮತ್ತು ಸೂರ್ಯಾಸ್ತ ಎರಡರಲ್ಲಿ ಒಂದನ್ನಾದರೂ ಬಿಡಬೇಕಾಗುತ್ತದೆ. ಒಂದೇ ದಿನಕ್ಕೆ ಬಂದವರಿಗೆ, ಚಿಕ್ಕ ಮಗು ಇರುವವರಿಗೆ ಸರಿ. ಊಟದ ಮಟ್ಟಿಗೆ ಮಾತ್ರ ನಾಲ್ಕರಲ್ಲಿ ಇದಕ್ಕೇ ಮೊದಲ ಸ್ಥಾನ. ಬೆಳಗ್ಗೆ ಗಾಡಿಯ ಮುಂದೆ ನಿಂತು ಮಂಡಕ್ಕಿ ಒಗ್ಗರಣೆ, ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ ತಿನ್ನದೆ ಈ ಸೀಮೆಯಿಂದ ವಾಪಸ್ ಬರಬಾರದು. ಹುಷಾರು, ಮಿರ್ಚಿ ಖಾರ.

ಕಮಲಾಪುರ

ಹಂಪಿ ಊರಿಗೆ ನಾಲ್ಕು ಕಿ.ಮೀ. ಸುಮಾರಿನ ಪಟ್ಟಣ. ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇರುವುದು ಇಲ್ಲೇ. ನೋಡಲು ಇದು ಸಾದಾ ಊರು, ಆದರೆ ನಕ್ಷೆ ಬಿಡಿಸಿದರೆ ಬೆಲೆ ಗೊತ್ತಾಗುತ್ತದೆ. ರಾಣಿಯ ಸ್ನಾನಗೃಹ, ಮಹಾನವಮಿ ದಿಬ್ಬ, ಹಜಾರ ರಾಮ, ಕಮಲ ಮಹಲ್, ಆನೆ ಲಾಯ ಎಲ್ಲ ಈ ಬದಿಗಿವೆ. ನೆಲ ಹೆಚ್ಚುಕಡಿಮೆ ಸಮತಟ್ಟು, ಗಾಡಿ ಹತ್ತಿರದವರೆಗೆ ಹೋಗುತ್ತದೆ. ಮಂಡಿನೋವಿನ ಅಪ್ಪ-ಅಮ್ಮ ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ, ಇಲ್ಲೇ ರೂಮು ಹಿಡಿಯಿರಿ. ಮಧ್ಯಾಹ್ನ ಒಂದರಿಂದ ಮೂರೂವರೆವರೆಗೆ ರೂಮಿಗೆ ಬಂದು ಮಲಗಿ, ಮತ್ತೆ ಹೊರಡಬಹುದು. ಹೊಸಪೇಟೆಯಿಂದ ಇದು ಆಗದ ಮಾತು.

ವಿಠ್ಠಲ ದೇವಸ್ಥಾನಕ್ಕೂ ರಸ್ತೆ ಕಮಲಾಪುರದ ಮೇಲೇ ಹೋಗುತ್ತದೆ. ಗಾಡಿ ನಿಲ್ಲುವ ಜಾಗದಿಂದ ದೇವಸ್ಥಾನಕ್ಕೆ ಒಂದು ಕಿ.ಮೀ. ಆಸುಪಾಸು, ಬ್ಯಾಟರಿ ಗಾಡಿ ಇದೆ. ಶನಿವಾರ, ಭಾನುವಾರ ಅದರ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ನಡೆದೇ ತಲುಪಬಹುದು. ದಾರಿಯಲ್ಲಿ ಗೆಜ್ಜಲ ಮಂಟಪ, ಕುದುರೆಗೊಂಬೆ ಮಂಟಪ, ಪುಷ್ಕರಣಿ ಸಿಗುತ್ತವೆ, ಗಾಡಿಯಲ್ಲಿ ಕೂತವರಿಗೆ ಇವು ಬರೀ ಕಿಟಕಿಯ ನೋಟ. ವಿಠ್ಠಲ ದೇವಸ್ಥಾನದ ಟಿಕೆಟ್ಟೇ ಅದೇ ದಿನ ಕಮಲ ಮಹಲ್ ಆವರಣಕ್ಕೂ ಕಮಲಾಪುರದ ಮ್ಯೂಸಿಯಮ್ಮಿಗೂ ನಡೆಯುತ್ತದೆ, ಮರುದಿನಕ್ಕೆ ನಡೆಯುವುದಿಲ್ಲ. ಆದ್ದರಿಂದ ಮೂರನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಿ. ವಿಠ್ಠಲ ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿದೆ, 50 ರೂಪಾಯಿ ನೋಟಿನಲ್ಲಿರುವ ಕಲ್ಲಿನ ರಥದ ಮೇಲೆ ಬೆಳಗಿನ ಬೆಳಕು ಬೀಳುತ್ತದೆ. ಆನೆ ಲಾಯ ಪಶ್ಚಿಮಾಭಿಮುಖ, ಅದರ ಹನ್ನೊಂದು ಕೋಣೆಗಳ ಬಣ್ಣ ಏಳುವುದು ನಾಲ್ಕರ ಮೇಲೆ. ಬೆಳಗ್ಗೆ ವಿಠ್ಠಲ, ಸಂಜೆ ಆನೆ ಲಾಯ. ಎಷ್ಟೋ ಆಟೊ ಟೂರುಗಳು ಇದನ್ನೇ ತಿರುಗುಮುರುಗು ಮಾಡುತ್ತವೆ. ಮ್ಯೂಸಿಯಮ್ಮಿಗೆ ಶುಕ್ರವಾರ ರಜೆ. ಅಲ್ಲಿ ಹಂಪಿಯ ಬೆಟ್ಟ-ಹೊಳೆಗಳ ಸಮೇತ ಮಾಡಿದ ದೊಡ್ಡ ಮಾದರಿಯೊಂದಿದೆ, ಮೊದಲ ದಿನವೇ ಅದರ ಸುತ್ತ ಹತ್ತು ನಿಮಿಷ ನಡೆದರೆ ಮುಂದೆ ದಿಕ್ಕು ತಪ್ಪುವುದಿಲ್ಲ.

ಹಂಪಿ ಊರು

ವಿರೂಪಾಕ್ಷನ ಗೋಪುರದ ಪಕ್ಕದ ಓಣಿಗಳ ಚಿಕ್ಕ ಮನೆಗಳು. ರೂಮು ಇಕ್ಕಟ್ಟು, ಸಿಮೆಂಟಿನ ತಾರಸಿ ರಾತ್ರಿಯೂ ಕಾವು ಬಿಡುತ್ತಿರುತ್ತದೆ. ಬೇಸಿಗೆಯಲ್ಲಾದರೆ ಮೇಲ್ಮಹಡಿ ಬೇಡ ಅನ್ನಿ. ಬಿಸಿನೀರು, ಇನ್ವರ್ಟರ್ ಇದೆಯೇ ಕೇಳಿ. ಮಾಂಸ, ಮದ್ಯ ಇಲ್ಲಿಲ್ಲ. ಇಷ್ಟೆಲ್ಲ ಕೊರತೆ ಇದ್ದರೂ, ಕಾಲಲ್ಲಿ ಕಸುವಿರುವವರಿಗೆ ನಾಲ್ಕರಲ್ಲಿ ಇದೇ ಉತ್ತಮ.

ಕಾರಣ ಒಂದು ಲೆಕ್ಕ. ವಿರೂಪಾಕ್ಷದಿಂದ ವಿಠ್ಠಲ ದೇವಸ್ಥಾನಕ್ಕೆ ರಸ್ತೆಯಲ್ಲಿ ಕಮಲಾಪುರ ಸುತ್ತಿ ಒಂಬತ್ತು-ಹತ್ತು ಕಿ.ಮೀ. ಹೊಳೆದಂಡೆಯ ಕಾಲುದಾರಿಯಲ್ಲಿ ಎರಡೇ ಕಿ.ಮೀ. ಕೋದಂಡರಾಮ, ಅಚ್ಯುತರಾಯ ದೇವಸ್ಥಾನದ ಅಡ್ಡದಾರಿ, ತುಲಾಭಾರದ ಕಲ್ಲುಕಂಬ ದಾಟಿ, ನಿಲ್ಲುತ್ತಾ ನೋಡುತ್ತಾ ಹೋದರೂ ಒಂದು ತಾಸು. ಆರೂವರೆಗೆ ಹೊರಟರೆ ದಾರಿಯುದ್ದಕ್ಕೂ ಜನವೇ ಇರುವುದಿಲ್ಲ. ಮಾತಂಗ ಬೆಟ್ಟಕ್ಕೆ ಸೂರ್ಯೋದಯಕ್ಕೆ ಹೋಗುವುದಾದರೆ ಬಜಾರಿನ ಕೊನೆಯ ಎದುರು ಬಸವಣ್ಣನ ಬಳಿಯಿಂದ ನಲವತ್ತು ನಿಮಿಷ ಲೆಕ್ಕ ಹಾಕಿ. ಮೆಟ್ಟಿಲು ಕೆಲವೆಡೆ ಕುಸಿದಿವೆ, ಬಂಡೆ ನುಣುಪು. ಟಾರ್ಚ್ ಇಲ್ಲದೆ, ಒಬ್ಬರೇ ಹತ್ತಬೇಡಿ. ಚಿರತೆ, ಕರಡಿ ಓಡಾಡುವ ಸೀಮೆ ಇದು. ಹೇಮಕೂಟ ಮಾತ್ರ ಮಕ್ಕಳೂ ಹತ್ತುವಷ್ಟು ಸುಲಭ.

ಆನೆಗೊಂದಿ

ಹೊಳೆಯಾಚೆ, ಕೊಪ್ಪಳ ಜಿಲ್ಲೆ. ಭತ್ತದ ಗದ್ದೆ, ಬಾಳೆತೋಟದ ನಡುವೆ ಹೋಂಸ್ಟೇ. ಅಂಜನಾದ್ರಿಯ 575 ಮೆಟ್ಟಿಲನ್ನು ಬಿಸಿಲೇರುವ ಮೊದಲೇ ಹತ್ತಬೇಕೆಂದರೆ ಇಲ್ಲಿ ತಂಗುವುದೇ ದಾರಿ. ಹಂಪಿ ಕಡೆಯಿಂದ ಅಷ್ಟು ಬೇಗ ದೋಣಿ ಇಲ್ಲ, ರಸ್ತೆಯಲ್ಲಿ ಬುಕ್ಕಸಾಗರ-ಕಡೇಬಾಗಿಲು ಸೇತುವೆ ಸುತ್ತಿ ಬರಬೇಕು. ಹತ್ತುವಾಗ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಕೋತಿಗಳಿಗೆ ಅದರ ಸದ್ದೇ ಸಾಕು.

ಹಂಪಿಯನ್ನು ಮೊದಲ ಸಲ ನೋಡುವವರಿಗೆ ಆನೆಗೊಂದಿ ಸೊಗಸಾದ ತಪ್ಪು ಆಯ್ಕೆ. ಸ್ಮಾರಕಗಳು ಮುಕ್ಕಾಲು ಪಾಲು ಆಚೆ ದಡದಲ್ಲಿವೆ, ದಿನಾ ಎರಡು ಸಲ ಹೊಳೆ ದಾಟಬೇಕು. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಪುರಂದರ ಮಂಟಪವೇ ಮುಳುಗುತ್ತದೆ. ಎರಡನೇ ಸಲ ಬಂದವರು, ಏನೂ ಮಾಡದೆ ಎರಡು ದಿನ ಕೂರಬೇಕೆನ್ನುವವರು ಇಲ್ಲಿಗೇ ಬರಲಿ. ಇನ್ನೊಂದು ಮಾತು: ಹಂಪಿಯೆದುರು ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಹಳೇ ಹೊಗಳಿಕೆ ಓದಿ ಯಾರೂ ಹೊರಡಬೇಡಿ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲೇ ಅವನ್ನು ಕೆಡವಿದ್ದಾರೆ.

ಓಡಾಟ: ಸೈಕಲ್, ಸ್ಕೂಟರ್, ಆಟೊ

ಸೈಕಲ್ ನವೆಂಬರ್‌ನಿಂದ ಜನವರಿವರೆಗೆ ಚಿನ್ನ, ಮಾರ್ಚ್ ನಂತರ ಶಿಕ್ಷೆ. ಬಾಡಿಗೆಗೆ ಒಯ್ಯುವ ಮೊದಲು ಎರಡೂ ಬ್ರೇಕ್ ಹಿಡಿದು ತಳ್ಳಿ ನೋಡಿ, ಸೀಟು ಸೊಂಟದ ಎತ್ತರಕ್ಕೆ ಏರಿಸಿಕೊಳ್ಳಿ, ಟೈರು ಹೆಬ್ಬೆರಳಿನಿಂದ ಒತ್ತಿ. ಜಾಲಿಮುಳ್ಳಿನ ಪಂಕ್ಚರ್ ತಕ್ಷಣ ಗೊತ್ತಾಗುವುದಿಲ್ಲ, ಅರ್ಧ ತಾಸಿನ ಮೇಲೆ ಹಿಂದಿನ ಚಕ್ರ ಭಾರವೆನಿಸಿದಾಗ ಅಂಗಡಿ ನಾಲ್ಕು ಕಿ.ಮೀ. ಹಿಂದೆ ಉಳಿದಿರುತ್ತದೆ. ಅಂಗಡಿಯವರ ಫೋನ್ ನಂಬರ್ ಬರೆದುಕೊಂಡೇ ಹೊರಡಿ.

ಇಬ್ಬರಿಗೆ ಸ್ಕೂಟರ್ ಸಾಕು, ಆನೆಗೊಂದಿ ಬದಿಗಂತೂ ಅದೇ ಸರಿ. ಗಾಡಿಯ ಗೀರು-ತರಚುಗಳ ಫೋಟೊ ಮಾಲೀಕರ ಎದುರೇ ತೆಗೆಯಿರಿ, ಪೆಟ್ರೋಲ್ ಮುಳ್ಳು ಎಲ್ಲಿದೆ ನೋಡಿ.

ನಾಲ್ವರಿದ್ದರೆ, ಹಿರಿಯರಿದ್ದರೆ ಆಟೊ. 'ಇಡೀ ದಿನ' ಅನ್ನುವ ಮಾತಿಗೆ ಒಪ್ಪಬೇಡಿ, ಜಾಗಗಳ ಹೆಸರು ಹೇಳಿ ರೇಟು ಮಾತಾಡಿ: ವಿಠ್ಠಲ ಸೇರಿದೆಯೇ, ಸೂರ್ಯಾಸ್ತದವರೆಗೆ ಇರುತ್ತೀರಾ, ಮಧ್ಯಾಹ್ನ ರೂಮಿಗೆ ಬಿಟ್ಟು ಮತ್ತೆ ಬರುತ್ತೀರಾ? ಸ್ವಂತ ಕಾರು ಬೆಂಗಳೂರಿನಿಂದ ಸುಮಾರು 340 ಕಿ.ಮೀ., ಚಿತ್ರದುರ್ಗದ ಬಳಿ ಪುಣೆ ಹೆದ್ದಾರಿ ಬಿಟ್ಟು ಹೊಸಪೇಟೆ ಕಡೆಗೆ ತಿರುಗಬೇಕು. ಊರೊಳಗೆ ಅದರ ಉಪಯೋಗ ಕಡಿಮೆ, ಮಧ್ಯಾಹ್ನದ ಮೇಲೆ ದರೋಜಿ ಕರಡಿಧಾಮಕ್ಕೆ ಹೋಗುವವರಿಗೆ ಮಾತ್ರ ಅನುಕೂಲ.

ಯಾರಿಗೆ ಯಾವುದು

ಎರಡು ರಾತ್ರಿಯಾದರೆ ಜಾಗ ಬದಲಿಸಲೇಬೇಡಿ, ಲಗೇಜು ಕಟ್ಟಿ ಬಿಚ್ಚುವುದರಲ್ಲೇ ಅರ್ಧ ದಿನ ಹೋಗುತ್ತದೆ. ಯುವಕರು ಹಂಪಿ ಊರು, ಕುಟುಂಬದವರು ಕಮಲಾಪುರ. ಮೂರನೇ ರಾತ್ರಿ ಇದ್ದರೆ ಅದನ್ನು ಆನೆಗೊಂದಿಗೆ ಕೊಡಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಮೊದಲಿನ 120 ದಿನವಲ್ಲ. ದಸರಾ, ಕ್ರಿಸ್‌ಮಸ್ ರಜೆಗೆ ಆ ದಿನ ಬೆಳಗ್ಗೆಯೇ ಕೂರಬೇಕು. ತಪ್ಪಿದರೆ ಹಿಂದಿನ ದಿನದ ತತ್ಕಾಲ್, ಎಸಿಗೆ ಹತ್ತು ಗಂಟೆ, ಸ್ಲೀಪರ್‌ಗೆ ಹನ್ನೊಂದು.

ಚೀಲಕ್ಕೆ ತಲಾ ಮೂರು ಲೀಟರ್ ನೀರು, ಟೋಪಿ, ದೋಣಿಗೆ ಚಿಲ್ಲರೆ, ಮತ್ತೆ ಒಂದು ಜೊತೆ ದಪ್ಪ ಕಾಲುಚೀಲ. ಚಪ್ಪಲಿ ಬಿಟ್ಟು ಮಧ್ಯಾಹ್ನದ ಹೊತ್ತು ವಿರೂಪಾಕ್ಷನ ಅಂಗಳ ದಾಟುವಾಗ ಅದರ ಬೆಲೆ ತಿಳಿಯುತ್ತದೆ. ಹೊಳೆಗೆ ಈಜಲು ಇಳಿಯಬೇಡಿ, ಸುಳಿಯೂ ಇದೆ, ಮೊಸಳೆಯೂ ಇದೆ. ಆಚೆ ದಡಕ್ಕೆ ಹೋದ ಕೂಡಲೇ ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ದೋಣಿಯವರನ್ನೇ ಕೇಳಿ, ಅದಕ್ಕೂ ಅರ್ಧ ತಾಸು ಮೊದಲೇ ದಡದಲ್ಲಿರಿ.