14, 15, 16: ಕಲಬುರಗಿ ರಸ್ತೆಗೆ ಯಾವ ಗಾಲಿ ಛಲೋ?

ಮೊದಲೇ ಹೇಳಿಬಿಡುತ್ತೇನೆ: 14, 15, 16 ಇಂಚಿನ ಮೂರು ಸೆಟ್ ಗಾಲಿ ಹಾಕಿ ನೋಡಿದ ಮೇಲೆ ಗಾಡಿಯಲ್ಲಿ ಉಳಿದದ್ದು 15 ಇಂಚಿನ ಕಂಪನಿ ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್. 16 ಇಂಚಿನ ಸೆಟ್ಟಿಗೆ ಹಾಕಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. 14ರ ಕಬ್ಬಿಣದ ರಿಮ್ ಮೇಲೆ ದೊಡ್ಡ ದೂರೇನೂ ಇಲ್ಲ.

ಗಾಡಿ 2018ರ ನಂತರದ ಪೆಟ್ರೋಲ್ ಮಾರುತಿ ಸ್ವಿಫ್ಟ್ ಕಾರು, ವಿಎಕ್ಸ್‌ಐ ಮಾಡೆಲ್. ಓಡಾಟ ಹೆಚ್ಚಾಗಿ ಕಲಬುರಗಿ–ಸೇಡಂ ರಸ್ತೆಯಲ್ಲಿ, ಸಿಮೆಂಟ್ ಲಾರಿಗಳ ಹಿಂದೆ. ತಿಂಗಳಿಗೊಮ್ಮೆ ಹುಮನಾಬಾದ್ ಮೇಲೆ ಹೈದರಾಬಾದ್. ಮಳೆಗಾಲದಲ್ಲಿ ಹೊಲದ ದಾರಿ ತಪ್ಪಿದ್ದಲ್ಲ. ಬರೀ ಊರೊಳಗೆ ಓಡಿಸುವವರಿಗೆ ಅಥವಾ ಬರೀ ಹೈವೇಯಲ್ಲಿ ಓಡಿಸುವವರಿಗೆ ಈ ಲೆಕ್ಕ ಬೇರೆಯಾಗುತ್ತದೆ.

ಬಹಳ ಜನ ಎಡವುವುದು ಇಲ್ಲೇ: ರಿಮ್ ದೊಡ್ಡದಾದರೆ ಗಾಲಿ ದೊಡ್ಡದಾಗಬೇಕಿಲ್ಲ. 165/80 ಆರ್14 (165 ಮಿ.ಮೀ. ಅಗಲ, ಪಕ್ಕದ ಗೋಡೆ ಆ ಅಗಲದ ಶೇ. 80, ರಿಮ್ 14 ಇಂಚು) ಟೈರಿನ ಹೊರವ್ಯಾಸ 620 ಮಿ.ಮೀ. 185/65 ಆರ್15ದು 621.5, 195/55 ಆರ್16ದು 621. ಮೂರೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಗಾಡಿಯ ಎತ್ತರವೂ ಬದಲಾಗುವುದಿಲ್ಲ. ಕಡಿಮೆಯಾಗುವುದು ಟೈರಿನ ಪಕ್ಕದ ಗೋಡೆ: 132 ಮಿ.ಮೀ. ಇದ್ದದ್ದು 120 ಆಗುತ್ತದೆ, ಆಮೇಲೆ 107. ತಗ್ಗಿಗೆ ಬಿದ್ದಾಗ ಪೆಟ್ಟು ತಿನ್ನುವುದು ಇದೇ ರಬ್ಬರು. ಅಂಗಡಿಯವರು "205/55 ಹಾಕ್ರಿ, ನೋಡ್ಲಿಕ್ಕೆ ತುಂಬಿದಂಗ ಕಾಣ್ತದ" ಅಂದರೆ ಒಪ್ಪಬೇಡಿ. ಅದರ ವ್ಯಾಸ 632, ಸುಮಾರು ಶೇ. 2 ದೊಡ್ಡದು. ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್‌ಗೆ ಟೈರ್ ಉಜ್ಜುವ ಸಂಭವವೂ ಉಂಟು.

ಇನ್ನು ತೂಕ. ಟೈರ್ ಸಮೇತ ಕಾಟಾದ ಮೇಲಿಟ್ಟಾಗ 14ರ ಕಬ್ಬಿಣದ ಗಾಲಿ 13.8 ಕೆ.ಜಿ., 15ರ ಕಂಪನಿ ಅಲಾಯ್ 15.1, ಹೊರಗಿನಿಂದ ತಂದ 16×7 (16 ಇಂಚು ವ್ಯಾಸ, 7 ಇಂಚು ಅಗಲ) ಅಲಾಯ್ 18.2. ಅಲಾಯ್ ಅಂದರೆ ಹಗುರ ಎಂಬ ನಂಬಿಕೆ ಇಲ್ಲಿಗೆ ಮುಗಿಯಿತು. ಅಗ್ಗದ ಎರಕದ ಅಲಾಯ್‌ಗೆ ಗಟ್ಟಿತನ ಬರುವುದು ದಪ್ಪದಿಂದ, ಅದರ ಮೇಲೆ ವ್ಯಾಸ ಮತ್ತು ಅಗಲ ಎರಡೂ ಬೆಳೆದಿವೆ.

ತಿರುಗುವ ತೂಕದ ಬಗ್ಗೆ ಉತ್ಪ್ರೇಕ್ಷೆಯೂ ಬಹಳ. ಗಾಲಿಯ 1 ಕೆ.ಜಿ. ಒಳಗಿನ 10 ಕೆ.ಜಿ.ಗೆ ಸಮ ಅನ್ನುವುದು ಖರೇ ಅಲ್ಲ. ವೇಗ ಪಡೆಯುವಾಗ ಟೈರಿನ 1 ಕೆ.ಜಿ. ಸುಮಾರು 1.8ರಂತೆ, ರಿಮ್‌ನ 1 ಕೆ.ಜಿ. ಸುಮಾರು 1.5ರಂತೆ ಎಣಿಕೆಯಾಗುತ್ತದೆ. 14ರಿಂದ 16ಕ್ಕೆ ಹೋದಾಗ ಗಾಲಿಗೆ 4.4 ಕೆ.ಜಿ. ಜಾಸ್ತಿ. ನಾಲ್ಕೂ ಸೇರಿ ಲೆಕ್ಕ ಹಾಕಿದರೆ ಡಿಕ್ಕಿಯಲ್ಲಿ ಅರ್ಧ ಚೀಲ ತೊಗರಿ ಇಟ್ಟಷ್ಟು ಭಾರ. ಲಾರಿ ಹಿಂದೆ ಹಾಕುವಾಗ ಎರಡನೇ ಗೇರಿನಲ್ಲಿ ಜರಾ ಮಂದ ಅನಿಸಬಹುದು, ಅಷ್ಟೇ. ಮೈಲೇಜಿನ ವ್ಯತ್ಯಾಸ ಟ್ಯಾಂಕ್ ತುಂಬಿಸಿ ಅಳೆಯುವ ವಿಧಾನಕ್ಕೆ ಸಿಗುವಷ್ಟು ದೊಡ್ಡದಲ್ಲ.

ಖರೇ ಹೊಡೆತ ಸಸ್ಪೆನ್ಷನ್‌ಗೆ. ಸ್ಪ್ರಿಂಗಿನ ಕೆಳಗೆ ತೂಗುವ ಗಾಲಿ, ಹಬ್ (ಗಾಲಿ ಕೂರುವ ನಡುಭಾಗ), ಬ್ರೇಕ್, ನಕಲ್ (ಹಬ್ಬನ್ನು ಹಿಡಿದಿರುವ ಲೋಹದ ತುಂಡು) ಎಲ್ಲ ಸೇರಿ ಮುಂದಿನ ಒಂದು ಮೂಲೆಗೆ ಸುಮಾರು 30 ಕೆ.ಜಿ. ಇಂಥ ಗಾಡಿಯಲ್ಲಿ ಅದಕ್ಕೆ 4.4 ಸೇರಿದರೆ ಶೇ. 14ಕ್ಕೂ ಹೆಚ್ಚು. ಶಾಕ್‌ಅಬ್ಸಾರ್ಬರ್ ಮಾತ್ರ ಹಳೆಯದೇ. ಎರಿ ಮಣ್ಣಿನ (ಜಿಗುಟಾದ ಕಪ್ಪು ಮಣ್ಣಿನ) ಮೇಲೆ ಹಾಕಿದ ಡಾಂಬರು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಅಲೆಅಲೆಯಾಗಿರುತ್ತದಲ್ಲ, ಅಂಥಲ್ಲಿ 16ರ ಗಾಲಿ ಏರಿದ್ದು ಇಳಿಯುವಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ. ಆ ಕ್ಷಣ ಟೈರ್ ನೆಲವನ್ನು ಸರಿಯಾಗಿ ಹಿಡಿದಿರುವುದಿಲ್ಲ, ಬ್ರೇಕ್ ಒತ್ತಿದರೆ ಎಬಿಎಸ್ (ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಬೇಗ ಎಚ್ಚರಗೊಳ್ಳುತ್ತದೆ.

ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಮಣ್ಣು.

ಮಳೆಗಾಲ ಪೂರ್ತಿ 16ರ ಸೆಟ್ 80ರ ವೇಗ ಮುಟ್ಟುತ್ತಿದ್ದಂತೆ ಸ್ಟೇರಿಂಗ್ ನಡುಗಿಸುತ್ತಿತ್ತು. ಬ್ಯಾಲೆನ್ಸಿಂಗ್ (ಸಣ್ಣ ತೂಕ ಸೇರಿಸಿ ಗಾಲಿಯ ಭಾರ ಸುತ್ತಲೂ ಸಮ ಮಾಡುವುದು) ಮಾಡಿಸಿದರೆ ಎರಡು ದಿನ ಸುಮ್ಮನಿದ್ದು ಮತ್ತೆ ಅದೇ ಹಾಡು. ಅಲೈನ್‌ಮೆಂಟ್, ಬುಷ್, ಬೇರಿಂಗ್ ಎಲ್ಲ ನೋಡಿಸಿದರೂ ಹತ್ತಲಿಲ್ಲ. ಕಾರಣ ಇದ್ದದ್ದು ರಿಮ್‌ನ ಒಳಗೋಡೆಯಲ್ಲಿ. 7 ಇಂಚು ಅಗಲದ ರಿಮ್ ಅಂದರೆ ಒಳಗೆ ಅಗಲವಾದ ಬೋಗುಣಿ ಇದ್ದಂತೆ. ಸ್ಪೋಕುಗಳ ಹಿಂಭಾಗದಲ್ಲಿ ತೂಕ ಉಳಿಸಲು ಬಿಟ್ಟ ಕುಳಿಗಳು ಬೇರೆ. ಎರಿ ಮಣ್ಣು ಅಲ್ಲಿ ಹೊಕ್ಕರೆ ಗಾರೆಯಂತೆ ಕೂರುತ್ತದೆ. ಕೆಂಪು ಮಣ್ಣಾದರೆ ಓಡುತ್ತಾ ಉದುರಿ ಹೋಗುತ್ತದೆ, ಇದು ಬಿಡುವುದಿಲ್ಲ.

ಹಸಿ ಮಣ್ಣು ಸುತ್ತಲೂ ಸಮನಾಗಿ ಅಂಟಿಕೊಂಡಿದ್ದರೆ ಅಷ್ಟು ತೊಂದರೆ ಇಲ್ಲ. ರಾತ್ರಿ ಗಾಡಿ ನಿಲ್ಲಿಸಿದಾಗ ಅದು ಕೆಳಗೆ ಜಾರಿ ರಿಮ್‌ನ ಒಂದೇ ಕಡೆ ಗಟ್ಟಿಯಾಗುತ್ತದೆ. ಹೀಗಾಗಿ ನಿನ್ನೆ ಸಂಜೆ ಸರಿಯಿದ್ದ ಗಾಡಿ ಇವತ್ತು ಮುಂಜಾನೆ ನಡುಗುತ್ತದೆ. ಒಣಗಿದ ಮೇಲೆ ಎರಿ ಮಣ್ಣು ಬಿರಿಯುತ್ತದೆ, ಒಂದು ಹೆಂಟೆ ಕಳಚಿ ಬೀಳುತ್ತದೆ, ಎದುರಿನದು ಉಳಿಯುತ್ತದೆ. ಆಗ ನಡುಕ ಇನ್ನೂ ಹೆಚ್ಚು. 100 ಗ್ರಾಂ ಹೆಂಟೆ ಗಾಲಿಯ ನಡುವಿನಿಂದ 17 ಸೆಂ.ಮೀ. ದೂರದಲ್ಲಿ ಕೂತಿದೆ ಅನ್ನಿ. 80 ಕಿ.ಮೀ. ವೇಗದಲ್ಲಿ ಗಾಲಿ ಸೆಕೆಂಡಿಗೆ 11 ಸುತ್ತು ಮೀರಿ ತಿರುಗುತ್ತದೆ, ಆ ಹೆಂಟೆ ಸುಮಾರು 9 ಕೆ.ಜಿ. ಬಲದಿಂದ ಹಬ್ಬನ್ನು ಎಳೆಯುತ್ತಿರುತ್ತದೆ. 100ರ ವೇಗಕ್ಕೆ ಅದು 14 ಕೆ.ಜಿ. ಸಸ್ಪೆನ್ಷನ್ನಿನ ಕೆಳಭಾಗ ತಾನಾಗಿ ಅದುರುವ ಲಯವೂ ಸೆಕೆಂಡಿಗೆ 10ರಿಂದ 13ರ ಆಸುಪಾಸು. ಎರಡೂ ತಾಳೆಯಾಗುವುದು ಸರಿಯಾಗಿ ನಾವು ಓಡಿಸುವ ವೇಗದಲ್ಲೇ.

ಹಾಗಾಗಿ ನಡುಕ ಬಂದಾಗ ಬ್ಯಾಲೆನ್ಸಿಂಗ್‌ಗೆ ಓಡುವ ಮೊದಲು ರಿಮ್ ಒಳಗೆ ಕೈ ಹಾಕಿ ನೋಡಿ. ಸ್ಟೇರಿಂಗ್ ನಡುಗಿದರೆ ಬಹುತೇಕ ಮುಂದಿನ ಗಾಲಿ, ಸೀಟು ನಡುಗಿದರೆ ಹಿಂದಿನದು. ನೀರು ಬಿಟ್ಟು ಹತ್ತು ನಿಮಿಷ ನೆನೆಸಿ, ಮರದ ಚಕ್ಕೆಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ಬಣ್ಣ ಎದ್ದು ಅಲ್ಲಿಂದಲೇ ತಿನ್ನಲು ಶುರುವಾಗುತ್ತದೆ. ಅಲಾಯ್‌ಗೆ ಒಳಗೋಡೆಯಲ್ಲಿ ಅಂಟಿಸಿದ ಸೀಸದಂಥ ತೂಕದ ಪಟ್ಟಿಗಳಿರುತ್ತವೆ, ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಅವೇ ಹಾರಿಹೋಗುತ್ತವೆ. ಮಣ್ಣು ಇದ್ದಂತೆಯೇ ಬ್ಯಾಲೆನ್ಸ್ ಮಾಡಿಸುವುದು ಎಲ್ಲಕ್ಕಿಂತ ದಂಡ: ಮಣ್ಣು ಬಿದ್ದ ದಿನ ಅದಕ್ಕೆಂದು ಹಾಕಿದ ತೂಕವೇ ನಡುಕ ತರುತ್ತದೆ. ನನ್ನ 16ಕ್ಕೆ ಆದದ್ದು ಇದೇ.

14ರ ಕಬ್ಬಿಣದ ರಿಮ್‌ಗೂ ಮಣ್ಣು ಹತ್ತುತ್ತದೆ, ಆದರೆ 5 ಇಂಚು ಅಗಲ, ಒಳಗೆ ಕುಳಿಗಳಿಲ್ಲ, ತೂಕಗಳು ಅಂಚಿಗೆ ಕಚ್ಚಿಸಿದವು. ಪೈಪ್ ಹಿಡಿದರೆ ಎರಡು ನಿಮಿಷ. 15 ನಡುವಿನದು. ವಾರಕ್ಕೊಮ್ಮೆ ತೊಳೆದರೆ ಸಾಕು.

ಹೊರಗಿನ ಅಲಾಯ್‌ಗೆ ಇನ್ನೊಂದು ಉಪದ್ರ ಹಬ್ ರಿಂಗ್, ಅಂದರೆ ಹಬ್ ಮತ್ತು ರಿಮ್‌ನ ರಂಧ್ರದ ನಡುವಿನ ಸಂದು ತುಂಬುವ ಬಳೆ. ಸ್ವಿಫ್ಟ್ ಹಬ್ 54.1 ಮಿ.ಮೀ. ಅಂಗಡಿಯ ಅಲಾಯ್‌ನ ನಡುವಿನ ರಂಧ್ರ ಹಲವು ಗಾಡಿಗೆ ಹೊಂದಲೆಂದು 67.1 ಅಥವಾ 73.1 ಇರುತ್ತದೆ. ನಡುವೆ ರಿಂಗ್ ಇಲ್ಲದಿದ್ದರೆ ಗಾಲಿ ಬರೀ ನಟ್‌ಗಳ ಆಸರೆಯಲ್ಲಿ ಕೂತು ಕೂದಲೆಳೆಯಷ್ಟು ಓರೆಯಾದರೂ ನಡುಗುತ್ತದೆ. ಅಲ್ಯೂಮಿನಿಯಂ ರಿಂಗ್ ಕೇಳಿ ತಗೊಳ್ಳಿ, ನಟ್ ಎಂ12×1.25 (ಇದು ಅದರ ದಾರದ ಅಳತೆ), ರಿಮ್‌ಗೆ ಕೂರುವ ಕಡೆ ಕೋನಾಕಾರದ್ದೇ ಇರಲಿ. ರಿಮ್ ಹಿಂದೆ ಜೆಡಬ್ಲ್ಯೂಎಲ್ (ಅಲಾಯ್ ಗಾಲಿಗಳ ಜಪಾನಿ ಗುಣಮಟ್ಟದ ಗುರುತು) ಅಚ್ಚು ಇಲ್ಲದ್ದನ್ನು ಮುಟ್ಟಬೇಡಿ.

ಅಗಲದ ಲೆಕ್ಕವನ್ನೂ ಅಂಗಡಿಯಲ್ಲೇ ಮಾಡಿ. 5 ಇಂಚಿನಿಂದ 7ಕ್ಕೆ ಹೋದರೆ ಹೊರ ಅಂಚು 25 ಮಿ.ಮೀ. ಆಚೆ ಬರುತ್ತದೆ. ಆಫ್‌ಸೆಟ್ (ರಿಮ್‌ನ ಅಗಲದ ನಡುಗೆರೆಗೂ ಅದು ಹಬ್‌ಗೆ ಕೂರುವ ಮುಖಕ್ಕೂ ಇರುವ ದೂರ) 10 ಮಿ.ಮೀ. ಕಡಿಮೆಯಿದ್ದರೆ ಒಟ್ಟು 35. ಬೇರಿಂಗ್ ಮೇಲೆ ಭಾರ ಹೆಚ್ಚು, ಒಂದೇ ಕಡೆಯ ಗಾಲಿ ತಗ್ಗಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಅಲ್ಲದೆ 195/55 ಟೈರಿಗೆ 7 ಇಂಚು ಕೊನೆಯ ಮಿತಿ. ರಬ್ಬರು ಎಳೆದಂತಾಗಿ ರಿಮ್‌ನ ತುಟಿ ಹೊರಗೆ ಕಾಣುತ್ತದೆ, ಫರ್ಸಿಯ ಮೆಟ್ಟಿಲಿಗೆ ಮೊದಲು ತಾಗುವುದು ಅದೇ.

16ರ ಪರವಾಗಿ ಹೇಳಲೇಬೇಕಾದ್ದೂ ಇದೆ. ಹುಮನಾಬಾದ್ ದಾಟಿ ರಾಷ್ಟ್ರೀಯ ಹೆದ್ದಾರಿ 65 ಹಿಡಿದರೆ ಅದರಷ್ಟು ಚುರುಕಾಗಿ ಲೇನ್ ಬದಲಿಸುವುದು ಉಳಿದೆರಡಕ್ಕೆ ಆಗದು. ಸ್ಟೇರಿಂಗ್ ತಿರುಗಿಸಿದಾಗ ಪಕ್ಕದ ಗೋಡೆ ಮೊದಲು ಬಾಗಿ, ಆಮೇಲೆ ಗಾಡಿ ತಿರುಗುವ ಆ ತಡವೇ ಇಲ್ಲ. 14 ಇದರಲ್ಲಿ ಸೋಲುತ್ತದೆ: 100ರಲ್ಲಿ ತಟ್ಟನೆ ಎಡಕ್ಕೆಳೆದರೆ ಗಾಡಿ ಒಂದು ಸಲ ತೂಗಿ ಆಮೇಲೆ ಮಾತು ಕೇಳುತ್ತದೆ. ಕೆಸರಿನಲ್ಲಿ, ನಿಂತ ನೀರಿನಲ್ಲಿ ಮಾತ್ರ ಆ ಸಣ್ಣ ಟೈರೇ ರಾಜ. 15ರಲ್ಲಿ ಆ ತೂಗಾಟ ಮುಕ್ಕಾಲು ಪಾಲು ಹೋಗುತ್ತದೆ, ತಗ್ಗಿಗೆ ರಬ್ಬರೂ ಉಳಿಯುತ್ತದೆ.

ರಿಮ್ ಬಾಗಿದರೆ? ಕಬ್ಬಿಣದ್ದನ್ನು ಪಂಕ್ಚರ್ ಅಂಗಡಿಯಲ್ಲೇ ಬಡಿದು ಸರಿಮಾಡುತ್ತಾರೆ. ಅಲಾಯ್ ಬಾಗಿದ್ದು ಮೊದಲು ಗೊತ್ತಾಗುವುದು ವಾರಕ್ಕೆ 4–5 ಪಿಎಸ್‌ಐ ಹವಾ ಇಳಿದಾಗ. ಸೀಳು ಬಿಟ್ಟಿದ್ದರೆ ವೆಲ್ಡಿಂಗ್ ಮಾಡಿಸಬೇಡಿ, ಬದಲಿಸಿ.

ದುಡ್ಡಿನ ಮಾತು. 16ರ ಸೆಟ್, ಟೈರ್ ಸೇರಿ ಅರವತ್ತು ಸಾವಿರದ ಹತ್ತಿರ ಆಗಿತ್ತು. ಮೇಲಿನ ಮಾಡೆಲ್‌ನಿಂದ ಬಿಚ್ಚಿದ 15ರ ಕಂಪನಿ ಅಲಾಯ್ ಟೈರ್ ಸಮೇತ ಅದರ ಅರ್ಧಕ್ಕೆ ಸಿಕ್ಕಿತು, ಹಬ್‌ಗೆ ನೇರ ಕೂರುತ್ತದೆ, ರಿಂಗಿನ ಗೊಡವೆ ಇಲ್ಲ. ಅಷ್ಟೂ ಬೇಡವೆಂದರೆ 14ರಲ್ಲೇ ಇರಿ, ಟೈರ್ ಮಾತ್ರ ಒಳ್ಳೆಯದು ಹಾಕಿ. ದಿನಾ ಹೊಲಕ್ಕೆ ಹೋಗುವವರಿಗೆ ನಾನು ಅದನ್ನೇ ಹೇಳುವುದು.

ಸ್ಟೆಪ್ನಿ 14 ಆಗಿಯೇ ಉಳಿಯಲಿ, ಹೊರವ್ಯಾಸ ಒಂದೇ ಇರುವುದರಿಂದ ಊರು ಮುಟ್ಟಿಸಲು ತೊಂದರೆ ಇಲ್ಲ. ಆದರೆ ಅಂಗಡಿ ಅಲಾಯ್‌ಗೆ ಸಣ್ಣ ತಲೆಯ ನಟ್ ಕೊಟ್ಟಿದ್ದರೆ ಕಂಪನಿ ಪಾನಾ ಅದಕ್ಕೆ ಹತ್ತುವುದಿಲ್ಲ. ಅದರ ಸಾಕೆಟ್ ಮತ್ತು ಹಳೆಯ ನಾಲ್ಕು ನಟ್ ಡಿಕ್ಕಿಯಲ್ಲಿರಲಿ. ಗಾಲಿ ಬದಲಿಸಿ 50–100 ಕಿ.ಮೀ. ಓಡಿಸಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿ.